ಇಳಿಯದ ಸವಾರಿ

ತಾಳವಾಡಿ ಬೆಟ್ಟ,
18-2-2006

ಹಕ್ಕುಶಾಸ್ತ್ರ ಪಾರಂಗತೆಯೂ ಚಾಮರಾಜನಗರದ ಹಾಸ್ಟೆಲ್ ನಿವಾಸಿನಿಯೂ ಆದ ರೇವತಕ್ಕನ ಪಾದಗಳಿಗೆ, ಚಪ್ಪಲಿ ಸಮೇತ, ತಮ್ಮ ಮಣಿಯ ಸಾಷ್ಟಾಂಗ.

ನಿನ್ನ ಕಾಗದ ಬಂತು. ಸಮಾಜ ಒಪ್ಪಿಕೊಂಡ ಬೇಡಿಕೆಯೇ ಹಕ್ಕು ಎಂದು ನಿಮ್ಮ ಪುಸ್ತಕದಲ್ಲಿದೆಯಂತೆ, ಪರೀಕ್ಷೆಗೆ ಬರುತ್ತದಂತೆ. ಬರೆದು ಪಾಸಾಗು, ಆದರೆ ನಂಬಬೇಡ. ನಮ್ಮೂರಿನ ಸಮಾಜ ಎಲ್ಲಿ ಕೂತಿರುತ್ತದೆಂದು ನಿನಗೇ ಗೊತ್ತು: ಮೇಲಿನ ಬೀದಿಯಲ್ಲಿ, ನಂಜುಂಡಸ್ವಾಮಿಯವರ ಜಗಲಿಯ ಮೇಲೆ, ಎಲೆ ಅಡಿಕೆ ಮೆಲ್ಲುತ್ತ. ಅದು ಒಪ್ಪಿದರೆ ಹಕ್ಕು, ಒಪ್ಪದಿದ್ದರೆ ಧಿಮಾಕು. ಅವರು ಕೊಟ್ಟರೆ ಮಾತ್ರ ಸಿಗುವುದಕ್ಕೆ ಭಿಕ್ಷೆ ಎನ್ನುವ ಹಳೇ ಹೆಸರಿದೆಯಲ್ಲ, ಹೊಸದೊಂದು ಯಾಕೆ?

ಅವ್ವನಿಗೆ ಚೇಳು ಕಡಿದದ್ದನ್ನು ಬರೆದಿದ್ದೆ. ಒಂದು ಸಂಗತಿ ಬಿಟ್ಟಿದ್ದೆ. ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಾಗ, ಮೇಲಿನ ಬೀದಿಯ ಬಾಯಲ್ಲಿ ಅವ್ವನೇ ನನ್ನ ಹೆಗಲು ತಟ್ಟಿ, "ಇಳೀಲಾ ಮಗ, ಸ್ವಾಮಿಗೋಳು ಜಗಲಿ ಮ್ಯಾಲವ್ರೆ" ಅಂದಳು. ಕೆಳಕೇರಿಯವರು ಆ ಬೀದಿಯಲ್ಲಿ ಗಾಡಿ ಇಳಿದು ತಳ್ಳಬೇಕಲ್ಲ. ಅವಳು ಊದಿದ ಕಾಲೆಳೆದುಕೊಂಡು ನಡೆದಳು. ನಾನು ತಳ್ಳಿದೆ. ಊರನ್ನೆಲ್ಲ ಗೋಳು ಹುಯ್ದುಕೊಳ್ಳುವ ನಿನ್ನ ತಮ್ಮ ಅವತ್ತು ಅವಳ ಹಿಂದೆಯೇ ತಲೆ ತಗ್ಗಿಸಿ ನಡೆದ. ಅಪ್ಪ ಸಾಯುವವರೆಗೆ ಆ ಬೀದಿಯಲ್ಲಿ ಸೈಕಲ್ ತಳ್ಳಿದ್ದು ನೆನಪಾಯಿತು. ಟೈರಿಗಿಂತ ಅಪ್ಪನ ಅಂಗಾಲೇ ಹೆಚ್ಚು ಸವೆದಿತ್ತು.

ನಿನ್ನೆ ಸೇಡು ತೀರಿಸಿದೆ. ಒಂದು ಪಟಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರದಲ್ಲಿ ಮುಖ ಮುಳುಗಿಸಿ, ಮೊಪೆಡ್ಡಿನ ಮುಂದೆ ಕಟ್ಟಿ, ಹಾರ್ನ್ ಹೊಡೆಯುತ್ತ ಮೇಲಿನ ಬೀದಿಗೆ ನುಗ್ಗಿದೆ.

"ಏನ್ಲಾ, ಕಾಲ್ ಬಿದ್ದೋದ್ವಾ? ಇಳೀಲಾ!" ಎಂದು ನಂಜುಂಡಸ್ವಾಮಿ ಗುಡುಗಿದರು.

ನಾನು ಎಂಜಿನ್ ಆರಿಸಲಿಲ್ಲ. "ನಾ ಇಳೀಬೌದು ಬುದ್ದಿ. ಮಲೆ ಮಾದಪ್ಪನ ಸವಾರಿ ಒಂಟದ. ದೇವ್ರನ್ನ ಇಳಿಸ್ಬೇಕಾದ್ರ ನಿಮ್ ಬಾಯಲ್ಲೇ ಏಳ್ಬುಡಿ" ಅಂದೆ.

ಸ್ವಾಮಿಯವರು ಎದ್ದು ನಿಂತರು ಕಣಕ್ಕ! ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಸುತ್ತಿ ಕೈಮುಗಿದರು. ಅವರ ಹೆಂಡತಿ ವಿಶಾಲಾಕ್ಷಮ್ಮ ಓಡಿ ಬಂದು ಮೊಪೆಡ್ಡಿನ ಚಕ್ರಕ್ಕೆ ಚೊಂಬಿನ ನೀರು ಹುಯ್ದು "ಉಘೇ ಮಾದಪ್ಪ" ಅಂದರು. ಬೀದಿಯ ಕೊನೆವರೆಗೂ ಕೂತೇ ಹೋದೆ.

ನಗು ಬರಬೇಕಿತ್ತು. ಬಂದದ್ದು ಹೊಟ್ಟೆಯುರಿ. ಚೇಳು ಕಡಿದ ಅವ್ವನಿಗಿಲ್ಲದ ದಾರಿ ಒಂದು ಗಾಜಿನ ಪಟಕ್ಕಿದೆ. ಬೀದಿಯಲ್ಲಿ ಕೂತು ಹೋಗಲು ನಾವು ದೇವರೇ ಆಗಬೇಕೇನು, ಮನುಷ್ಯರಾಗಿದ್ದರೆ ಸಾಲದೆ? ಇದನ್ನು ನಿಮ್ಮ ಮೇಷ್ಟ್ರಿಗೆ ಕೇಳು.

ಮುಂದಿನ ಶನಿವಾರ ಪಣಕಹಳ್ಳಿ ಬಸ್ಸಿಗೆ ಬಾ, ಗಾಡಿ ತರುತ್ತೇನೆ. ಈ ಸಲ ಮುಂದೆ ಪಟ ಇರುವುದಿಲ್ಲ, ಹಿಂದೆ ನೀನಿರುತ್ತೀಯ. ಸ್ವಾಮಿಯವರ ಹೊಲದ ಕೂಲಿ ತಪ್ಪುತ್ತದೆಂದು ಅವ್ವನಿಗೆ ಹೆದರಿಕೆ. ನನಗೂ ಹೆದರಿಕೆಯೇ. ಆದರೂ ಮೇಲಿನ ಬೀದಿಯಲ್ಲಿ ನನ್ನ ಹೆಗಲು ಮಾತ್ರ ತಟ್ಟಬೇಡ.

ಎಂಜಿನ್ ಆರಿಸದ ನಿನ್ನ ತಮ್ಮ,
ಮಣಿ

ತಾ.ಕ.: ಅವ್ವನಿಗೆ ಹೇಳಬೇಡ. ಹಾರದ ಹಿಂದಿದ್ದದ್ದು ಮಾದಪ್ಪನಲ್ಲ, ನಮ್ಮ ಗೋಡೆಯ ಮೇಲಿನ ಅಪ್ಪನ ಪಟ. ಆ ಬೀದಿಯಲ್ಲಿ ಅಪ್ಪ ಮೊದಲ ಸಲ ಕೂತು ಬಂದ.