ಅಳೆಯದೆ ಬರೆದ ಐವತ್ತು

ಮನೆ ವೈರಿಂಗಿನ ತಪಾಸಣೆ ವರದಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಮೊದಲು ನೆಟ್ಟಗೆ ಕೂತು ಓದಿ. ಓದುತ್ತಿರುವವರು ನೀವಲ್ಲದೆ ನಿಮ್ಮ ಟಪಾಲು ಒಡೆಯುವವರಾಗಿದ್ದರೆ, ಯಾವುದೋ ಮುದುಕಿಯ ಗೋಳು ಎಂದು ಹಳೆಯ ಫೈಲಿನಡಿ ತುರುಕುವ ಮೊದಲು ಈ ಹೊತ್ತು ನಿಮ್ಮ ಮನೆಯ ಅಡುಗೆಮನೆಯಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ನೆನೆದುಕೊಳ್ಳಿ. ನಾಚಿಕೆ ಅನ್ನುವುದು ಕಚೇರಿಯ ಸಾಮಾನಲ್ಲ, ಮನೆಯಿಂದಲೇ ತರಬೇಕು. ಇದೇ ವಿಷಯಕ್ಕೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸೇರಿ ಒಂದು ಉತ್ತರ ಬಂತು, ಅದೂ ಸುಳ್ಳು. ಅದಕ್ಕೇ ಈ ಸಲ ಊರಿಗೆಲ್ಲ ಕಾಣುವಂತೆ ಪತ್ರಿಕೆಗೂ ಕಳಿಸುತ್ತಿದ್ದೇನೆ.

ಸಂಗತಿ ಇಷ್ಟು. ಜಗಳೂರಿನ ಹೊರಗೆ ನಮ್ಮ ಹೊಸ ಸಾಲಿನಲ್ಲಿ ಹತ್ತೊಂಬತ್ತು ಮನೆಗಳಿವೆ. ಒಂದು ಮನೆಯ ವೈರನ್ನೂ ಪರೀಕ್ಷೆ ಮಾಡದೆ ಹತ್ತೊಂಬತ್ತಕ್ಕೂ ‘ಪರೀಕ್ಷಿಸಲಾಗಿದೆ, ಸುರಕ್ಷಿತವಾಗಿದೆ’ ಎಂದು ಬರೆದುಕೊಟ್ಟಿರಿ. ಹೋದ ವರ್ಷ ಆರಿದ್ರಾ ಮಳೆಯಲ್ಲಿ ಆ ಸಾಲಿನ ಏಳನೇ ಮನೆಯಲ್ಲಿ ನನ್ನ ಸೊಸೆ ಮಮತಾ ಕರೆಂಟು ಹೊಡೆದು ಸತ್ತಳು. ಅವಳಿಗೆ ಇಪ್ಪತ್ತೊಂಬತ್ತು. ಸಾವಿಗೆ ನೀವು ಕೊಟ್ಟ ಕಾರಣ ‘ಮೃತರ ಅಜಾಗರೂಕತೆ’.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಪದವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾಯಿತು. ಅರ್ಥವಾದ ಮೇಲೆ ಎರಡು ದಿನ ಬಾಯಿಗೆ ತುತ್ತು ಹೋಗಲಿಲ್ಲ. ಅಜಾಗರೂಕತೆ ಯಾರದು ಎಂದು ನಾನೇ ಹೇಳುತ್ತೇನೆ, ಕೇಳಿ. ಅದರಲ್ಲಿ ನನ್ನ ಪಾಲೂ ಇದೆ. ಬಚ್ಚಿಡುವುದಿಲ್ಲ.

ಮಮತಾ ನ್ಯಾಮತಿ ಕಡೆಯ ಹುಡುಗಿ. ಕಡ್ಡಿ ಗೀರಿದರೆ ಆರಿತೋ ಇಲ್ಲವೋ ಎಂದು ಎರಡು ಸಲ ನೋಡಿ ಬಿಸಾಡುವವಳು. ಗೋಡೆಯಲ್ಲಿ ಏನೋ ಇದೆ ಎಂದು ಮೊದಲು ತಿಳಿದದ್ದೂ ಅವಳಿಗೇ. ಮಳೆ ಹಿಡಿದು ತಾರಸಿ ಜಿನುಗಿ ಅಡುಗೆಮನೆಯ ಗೋಡೆ ಒದ್ದೆಯಾಗಿತ್ತು. ಆ ಗೋಡೆಗೆ ನೇತು ಹಾಕಿದ ತಟ್ಟೆ ಸ್ಟ್ಯಾಂಡು ಮುಟ್ಟಿದರೆ ಕೈ ಜುಂ ಅನ್ನುತ್ತದೆ ಎಂದಳು. ನನ್ನ ಮಗ ತಿಪ್ಪೇರುದ್ರ ಟೆಸ್ಟರ್ ಇಟ್ಟು ನೋಡಿದ, ಸಣ್ಣಗೆ ಕೆಂಪು ದೀಪ ಹತ್ತಿತು. ಅವತ್ತೇ ನಿಮ್ಮ ಕಚೇರಿಗೆ ಫೋನು ಮಾಡಿದ. ನಿಮ್ಮವರು ಏನೆಂದರು ಗೊತ್ತೇ? “ಮೀಟರ್ ತನಕ ನಮ್ದು, ಒಳಗಿಂದು ನಿಮ್ದು. ಬಲ್ಬು ಹತ್ತತೈತಲ್ಲ, ಮತ್ತೇನ್ರೀ?” ಮನೆ ಕಟ್ಟಿಸಿದ ಗುತ್ತಿಗೆದಾರನ ಫೋನು ಸ್ವಿಚ್ ಆಫ್ ಆಗಿತ್ತು. ಭಾನುವಾರ ದಾವಣಗೆರೆಯಿಂದ ವೈರ್‌ಮನ್‌ನನ್ನು ಕರೆತರುತ್ತೇನೆ ಎಂದ ಮಗ. ಆ ಭಾನುವಾರದ ತನಕ ಮಮತಾ ಒಂದು ಉಪಾಯ ಮಾಡಿಕೊಂಡಳು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಅಡುಗೆ ಮಾಡತೊಡಗಿದಳು.

ನಮ್ಮಲ್ಲಿ ಒಲೆಯ ಮುಂದೆ ಚಪ್ಪಲಿ ಮೆಟ್ಟುವುದಿಲ್ಲ. ಗ್ಯಾಸಿನದಾದರೂ ಒಲೆ ಒಲೆಯೇ. ನೆಲಕ್ಕೆ ಬಿದ್ದ ಅಗುಳನ್ನು ಕಣ್ಣಿಗೊತ್ತಿಕೊಳ್ಳುವ ಜನ ನಾವು. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದೆ, ಮೂರನೇ ದಿನ ಬಾಯಿ ಬಿಟ್ಟೆ.

“ಮೆಟ್ಟು ಹಾಕ್ಕೊಂಡು ಅನ್ನ ಬಸೀತೀಯೇನೇ? ನಿಮ್ಮವ್ವ ಇದನ್ನೇ ಕಲ್ಸಿ ಕಳ್ಸಿದ್ಲಾ?”

ಅವಳು ನಕ್ಕಳು. “ದೇವ್ರಿಗೆ ತಪ್ಪುಕಾಣ್ಕೆ ಆಮೇಲೆ ಹಾಕಾನ ಬಿಡತ್ತೆ. ಮೊದ್ಲು ಜೀವ ಉಳ್ಕಳ್ಳಿ.”

ನನಗೆ ಸಿಟ್ಟು ನೆತ್ತಿಗೇರಿತು. ಅವಳು ನೀರು ತರಲು ಹೊರಗೆ ಹೋದಾಗ, ಅಡುಗೆಮನೆಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಕೋಲಿನಿಂದ ಎತ್ತಿ ಹಿತ್ತಿಲಾಚೆ ಒಗೆದೆ. ಮೈಲಿಗೆಯಾಯಿತೆಂದು ಅಡುಗೆಮನೆಯ ನೆಲಕ್ಕೆ ಎರಡು ಕೊಡ ನೀರು ಸುರಿದು ತೊಳೆದೆ. ಅವಳು ಬಂದು ಚಪ್ಪಲಿ ಹುಡುಕಿದಳು, ನನ್ನ ಮುಖ ನೋಡಿದಳು, ಬರಿಗಾಲಲ್ಲಿ ಒಳಗೆ ಹೋದಳು. ನೆಲ ಇನ್ನೂ ಆರಿರಲಿಲ್ಲ. ನನಗೆ ಊಟಕ್ಕಿಡಲು ತಟ್ಟೆ ತೆಗೆಯಲೆಂದು ಕೈ ಚಾಚಿದಳು. ಕೂಗಲೂ ಇಲ್ಲ. ಪಕ್ಕದ ಮನೆಯವರು ಓಡಿಬಂದು ಮೇನ್ ಆಫ್ ಮಾಡುವ ಹೊತ್ತಿಗೆ ಮುಗಿದಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಅವಳ ಸೋದರಮಾವ ದುರುಗಪ್ಪ ಹೊನ್ನಾಳಿಯಿಂದ ಬಂದರು. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿ ಬಿಟ್ಟವರು. ಕೈಚೀಲದಲ್ಲಿ ಹಿಡಿಕೆ ತಿರುಗಿಸುವ ಒಂದು ಪೆಟ್ಟಿಗೆ ತಂದಿದ್ದರು. ಅದರ ಹೆಸರು ಮೆಗ್ಗರ್ ಅಂತೆ. ಎಪ್ಪತ್ತು ದಾಟಿದ ಮೇಲೆ ನಾನು ಅದನ್ನು ಕಂಡೆ, ಅದೂ ಹೆಣ ಎತ್ತಿದ ಮನೆಯಲ್ಲಿ. ಮೇನ್ ಆಫ್ ಮಾಡಿದರು, ಬಲ್ಬುಗಳನ್ನೆಲ್ಲ ಬಿಚ್ಚಿದರು, ಪೆಟ್ಟಿಗೆಯ ಒಂದು ಕೊಕ್ಕೆಯನ್ನು ವೈರಿಗೂ ಇನ್ನೊಂದನ್ನು ನೆಲಕ್ಕೆ ಹೋಗುವ ಅರ್ಥಿನ ತಂತಿಗೂ ಕಚ್ಚಿಸಿ ಹಿಡಿಕೆ ತಿರುಗಿಸಿದರು. ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ.

“ಮೇಲಿನ ಪ್ಲಾಸ್ಟಿಕ್ಕೇ ತಂತಿಗೆ ಚರ್ಮ, ಅಕ್ಕ. ಚರ್ಮ ಗಟ್ಟಿ ಐತೋ ಹರಿದೈತೋ ಇದು ಹೇಳತೈತೆ. ಬಲ್ಬು ಹೇಳಲ್ಲ. ಚರ್ಮ ಹರಿದ್ರೂ ಬಲ್ಬು ಜೋರಾಗೇ ಉರೀತೈತೆ.”

ನಡುಮನೆಯ ವೈರಿಗೆ ಪೆಟ್ಟಿಗೆಯ ಮುಳ್ಳು ಮೇಲೇರಿತು. ಅಡುಗೆಮನೆಯ ವೈರಿಗೆ ಎಷ್ಟು ತಿರುಗಿಸಿದರೂ ಸೊನ್ನೆಯಿಂದ ಏಳಲಿಲ್ಲ. ಮುಳ್ಳು ಒಂದು ಎಂಬ ಅಂಕಿಯನ್ನಾದರೂ ತೋರಿಸಬೇಕಂತೆ, ಒಂದಕ್ಕಿಂತ ಕಡಿಮೆಯಾದರೆ ಆ ವೈರಿಗೆ ಕರೆಂಟು ಬಿಡಬಾರದಂತೆ. ಸ್ಟ್ಯಾಂಡಿನ ಹಿಂದೆ ಗಾರೆ ಕೆತ್ತಿ ನೋಡಿದರೆ ಎರಡು ಗೇಣು ಉದ್ದಕ್ಕೆ ಪೈಪೇ ಇಲ್ಲ. ವೈರನ್ನು ಹಾಗೇ ಸಿಮೆಂಟಿನಲ್ಲಿ ಹೂತಿದ್ದಾರೆ, ನಡುವೆ ಒಂದು ಜೋಡಣೆಗೆ ಅಂಗಡಿಯ ಪ್ಲಾಸ್ಟಿಕ್ ಕವರು ಸುತ್ತಿದ್ದಾರೆ. ಗಾರೆ ಹಸಿಯಿದ್ದಾಗಲೇ ಒಮ್ಮೆ ಅಳೆದಿದ್ದರೆ ಸಿಕ್ಕಿಬೀಳುತ್ತಿತ್ತು ಎಂದು ದುರುಗಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಇಡೀ ಪರೀಕ್ಷೆಗೆ ಹಿಡಿದದ್ದು ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು. ಮಾನ್ಯರೇ, ಅಷ್ಟು ಹೊತ್ತು ನಿಮ್ಮಲ್ಲಿರಲಿಲ್ಲವೇ?

ಇರಲಿಲ್ಲ ಎಂದು ಹೇಗೆ ಹೇಳಲಿ? ಮಗ ತಂದ ನಿಮ್ಮ ವರದಿಯ ಪ್ರತಿಯಲ್ಲಿ ಹತ್ತೊಂಬತ್ತು ಮನೆಗೂ ಆ ಪೆಟ್ಟಿಗೆಯ ಅಳತೆ ಬರೆದಿದೆ. ಹತ್ತೊಂಬತ್ತಕ್ಕೂ ಐವತ್ತು. ಒಂದೇ ತಾಯಿಯ ಮಕ್ಕಳೇ ಒಂದೇ ಎತ್ತರ ಬೆಳೆಯುವುದಿಲ್ಲ, ನಮ್ಮ ಸಾಲಿನ ಗೋಡೆಗಳಲ್ಲಿ ಎಂಥ ಒಗ್ಗಟ್ಟು ನೋಡಿ. ಪರೀಕ್ಷೆಯ ದಿನ ದೀಪಾವಳಿ ಅಮಾವಾಸ್ಯೆ. ಹಬ್ಬದ ದಿನವೂ ಮನೆ ಬಿಟ್ಟು ಬಂದು ಅಳೆದ ನಿಮ್ಮ ನಿಷ್ಠೆಗೆ ಹಾರ ಹಾಕಬೇಕು. ತೊಂದರೆ ಏನೆಂದರೆ, ಅವತ್ತು ನಾನು ಅಲ್ಲೇ ಇದ್ದೆ. ಮನೆಗೆ ಬಾಗಿಲೂ ಕೂರಿಸಿರಲಿಲ್ಲ, ಗೋಡೆಯಲ್ಲಿ ವೈರೂ ಎಳೆದಿರಲಿಲ್ಲ. ಚಳಿಗೆ ನಮ್ಮ ಕುರಿಯನ್ನು ಆ ಅಡುಗೆಮನೆಯಲ್ಲೇ ಕಟ್ಟಿದ್ದೆವು, ಅಮಾವಾಸ್ಯೆಯ ದಿನವೇ ಅದು ಮರಿ ಹಾಕಿತು. ಇಲ್ಲದ ವೈರಿನಲ್ಲಿ ನಿಮಗೆ ಐವತ್ತು ಸಿಕ್ಕಿದ್ದು ಎಲ್ಲಿಂದ? ಕುರಿಗೆ ಕೊಕ್ಕೆ ಕಚ್ಚಿಸಿದಿರಾ?

ನಗುವಂತೆ ಬರೆದೆ, ನಗು ಬರುತ್ತಿಲ್ಲ. ನನ್ನ ಅಜಾಗರೂಕತೆಗೆ ನಾನು ದಿನಾ ಉತ್ತರ ಕೊಡುತ್ತಿದ್ದೇನೆ. ಮಗ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಬಯ್ಯುವುದೂ ಇಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಿಮ್ಮ ಮನೆಯಲ್ಲಿ ಎಲ್ಲರೂ ನಿಮ್ಮ ಜೊತೆ ಕೂತು ಉಣ್ಣುತ್ತಾರಲ್ಲವೇ? ಉಣ್ಣಲಿ, ಅವರೆಲ್ಲ ನೂರು ವರ್ಷ ಬಾಳಲಿ. ಆದರೆ ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ತಿಳಿಯದ ಮುದುಕಿಯ ತಪ್ಪೂ ಪೆಟ್ಟಿಗೆ ಮುಟ್ಟದೆ ಅಂಕಿ ಬರೆದ ಅಧಿಕಾರಿಯ ತಪ್ಪೂ ಒಂದೇ ತೂಕವೇ?

ಸತ್ತವಳು ಬರುವುದಿಲ್ಲ. ಈ ಕಾಗದ ಉಳಿದ ಹದಿನೆಂಟು ಮನೆಗಳಿಗಾಗಿ. ದುರುಗಪ್ಪ ನಾಲ್ಕು ಮನೆ ಅಳೆದರು, ಎರಡರಲ್ಲಿ ಮುಳ್ಳು ಒಂದರ ತನಕವೂ ಏರಲಿಲ್ಲ. ಐದನೇ ಮನೆಗೆ ಹೋಗುವಷ್ಟರಲ್ಲಿ ನಿಮ್ಮ ಲೈನ್‌ಮನ್ ಬಂದು, ಲೈಸೆನ್ಸ್ ಇಲ್ಲದವರು ಬೋರ್ಡು ಬಿಚ್ಚಿದರೆ ಇಡೀ ಸಾಲಿನ ಲೈನು ಕಟ್ ಎಂದು ಹೆದರಿಸಿದ. ಜನ ಬಾಗಿಲು ಹಾಕಿಕೊಂಡರು. ಆ ಎರಡರಲ್ಲಿ ಒಂದು ಹನ್ನೆರಡನೇ ಮನೆ. ಅಲ್ಲಿ ಶಾಂತಲಾ ಎಂಬ ಹುಡುಗಿ ಒಂದೂವರೆ ತಿಂಗಳ ಬಾಣಂತಿ. ಕೃತ್ತಿಕೆ ಮಳೆ ಎರಡು ಸಲ ಹೊಡೆದಿದೆ, ಅವಳ ಬಚ್ಚಲ ಗೋಡೆ ಈಗಲೇ ಕಪ್ಪಗೆ ನೀರು ಕುಡಿದಿದೆ. ದಿನಾ ಆ ಗೋಡೆಗೆ ಆತು ಕೂತು ಕೂಸಿಗೆ ನೀರು ಹಾಕುತ್ತಾರೆ. ಮುಂದಿನ ತಿಂಗಳು ಮುಂಗಾರು.

ಆದ್ದರಿಂದ ಪೆಟ್ಟಿಗೆ ಹಿಡಿದು ನೀವೇ ಬನ್ನಿ. ಒಂದೊಂದು ಮನೆಯ ಒಂದೊಂದು ವೈರನ್ನೂ ಆ ಮನೆಯ ಹೆಂಗಸರ ಎದುರು ಅಳೆಯಿರಿ, ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ, ಹೇಳಿದ್ದನ್ನೇ ಬರೆಯಿರಿ. ಕೆಟ್ಟದ್ದನ್ನು ಕಿತ್ತು ಸರಿಮಾಡಿಸುವ ತನಕ ಆ ವೈರಿಗೆ ಕರೆಂಟು ಬಿಡಬೇಡಿ. ಮಮತಾಳ ಹೆಸರಿನ ಮುಂದಿರುವ ಆ ಪದವನ್ನು ಹೊಡೆದುಹಾಕಿ. ಬರುವ ತಿಂಗಳು ಹುಟ್ಟುವ ಮೊದಲು ಯಾವ ದಿನ ಬರುತ್ತೀರೆಂದು ಉತ್ತರ ಬರೆಯಿರಿ. ಬಂದವರು ಮೊದಲು ಹನ್ನೆರಡನೇ ಮನೆಗೆ ಹೋಗಿ.

ಇಂತಿ,
ಬಯ್ಯಲು ಸೊಸೆ ಉಳಿಯದ ಅತ್ತೆ
ಅಂಜಿನಮ್ಮ, ಏಳನೇ ಮನೆ