ಹೊರಗಿನ ಗಂಟು

೧೯೪೬ ನವೆಂಬರ್ ೪, ಹೊಸಕೋಟೆ
ಇವತ್ತೂ ತುಕ್ಕು ಉಜ್ಜಿದ್ದೇ ಆಯಿತು. ಮೂರು ವರ್ಷ ಶೆಡ್ಡಿನಲ್ಲಿ ನಿಂತ ಬಸ್ಸು. ತೇಗದ ಬಾಡಿ ಗಟ್ಟಿ. ಎಂಜಿನ್ ಕೆಮ್ಮುತ್ತೆ, ಸಾಯುವುದಿಲ್ಲ. ಬಸ್ಸಿನ ಸಾಹುಕಾರರಾದ ಅಪ್ಪಯ್ಯಣ್ಣ ಬಂದಿದ್ದರು. "ನಮ್ಮಪ್ಪ ತಂದ ಬಸ್ಸು, ಗುಜರಿಗೆ ಹಾಕಾಕಿಲ್ಲ. ಮೊದ್ಲಿದ್ದಂಗೇ ಆಗ್ಬೇಕು ಕಣಪ್ಪಾ." ಬಾಯಲ್ಲಿ ಹೇಳುವುದು ಸುಲಭ.

ನವೆಂಬರ್ ೭
ಹಿಂಬದಿಯ ಇದ್ದಿಲು ಡ್ರಮ್ಮು ಬಿಚ್ಚಿದೆ. ಯುದ್ಧದಲ್ಲಿ ಪೆಟ್ರೋಲ್ ಸಿಗದಾಗ, ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಬಸ್ಸು ಓಡಿಸಲು ಕೂರಿಸಿದ್ದು. ಅದರ ಗ್ಯಾಸೇ ಮುನಿಶಾಮಪ್ಪನನ್ನು ತಿಂದಿದ್ದು. ನಾನು ಡ್ರೈವರ್, ಅವನು ನನ್ನ ಕ್ಲೀನರ್, ಹನ್ನೊಂದು ವರ್ಷದ ಜೊತೆಗಾರ. ಮೂರು ವರ್ಷದ ಹಿಂದೆ, ಚಳಿಗೆ ಕಿಟಕಿಗಳ ಕ್ಯಾನ್ವಾಸ್ ಪರದೆ ಕಟ್ಟಿಕೊಂಡು ಬಸ್ಸಲ್ಲೇ ಮಲಗಿದ, ಬೆಳಿಗ್ಗೆ ಏಳಲಿಲ್ಲ — ಊರೆಲ್ಲ ಹಾಗೇ ನಂಬಿದೆ. ಹೇಳಿದವನು ನಾನು.

ನವೆಂಬರ್ ೧೨
ಹೊಸ ಪರದೆ ಹೊಲಿಯಲು ಅಂಜಿನಮ್ಮ ಬಂದಳು. ಮುನಿಶಾಮಪ್ಪನ ಹೆಂಡತಿ. ಅಪ್ಪಯ್ಯಣ್ಣನಿಗೆ ಬೇರೆ ಯಾರೂ ಸಿಗಲಿಲ್ಲವೇ? ಅಳತೆಗೆ ಹಳೇ ಕ್ಯಾನ್ವಾಸು ಬಿಚ್ಚುತ್ತಾ ನಿಂತುಬಿಟ್ಟಳು. ಅವತ್ತು ಕಟ್ಟಿದ ಗಂಟುಗಳು, ಹಾಗೇ ಇದ್ದವು.
"ಅಣ್ಣಾ, ಒಳಗ್ ಮಲಗಿದ್ದೋನು ಹೊರಗಡೆ ಗಂಟು ಹೆಂಗ್ ಹಾಕ್ದ?"
ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೆ. ಕೇಳಿಸದವನ ಹಾಗೆ. ಥೂ.

ನವೆಂಬರ್ ೨೫
ಬರೆಯಲು ಕೈ ಬಂದಿರಲಿಲ್ಲ. ಇವತ್ತು ಬರೆದೇಬಿಡುತ್ತೇನೆ.
ಮುಂಜಾನೆ ಬೇಗ ಸ್ಟಾರ್ಟ್ ಆಗಲಿ ಅಂತ ಡ್ರಮ್ಮಿನ ಕೆಂಡ ಆರಿಸುತ್ತಿರಲಿಲ್ಲ ನಾವು. ಅವತ್ತೂ ಅಷ್ಟೇ. ಅವನು ಸೀಟಿನ ಮೇಲೆ ಮುದುರಿಕೊಂಡು ನಿದ್ದೆ ಹೋಗಿದ್ದ. ನಡುಗುತ್ತಿದ್ದ. ಪಾಪ ಅನ್ನಿಸಿತು. ಗ್ಯಾಸು ಒಳಗೇ ತುಂಬೀತು ಅಂತ ಹೊಳೆಯದೆ, ಪರದೆಗಳನ್ನೆಲ್ಲ ಇಳಿಸಿ, ಹೊರಗಿನಿಂದ ಬಿಗಿದು, ಮನೆಗೆ ಬಂದು ಬೆಚ್ಚಗೆ ಮಲಗಿದೆ.
ಬೆಳಿಗ್ಗೆ ಹೆದರಿಬಿಟ್ಟೆ. ಅವನೇ ಕಟ್ಟಿಕೊಂಡ ಅಂದೆ. ಸತ್ತವನು ಎದುರು ಮಾತಾಡುವುದಿಲ್ಲವಲ್ಲ. ಮೂರು ವರ್ಷದಿಂದ ಜನ ಅವನನ್ನು ಬುದ್ಧಿಗೇಡಿ ಅನ್ನುತ್ತಾರೆ. ಅಂಜಿನಮ್ಮ ಕೇಳಿಸಿಕೊಂಡು ತಲೆ ತಗ್ಗಿಸುತ್ತಾಳೆ.

ನವೆಂಬರ್ ೨೮, ಬೆಳಿಗ್ಗೆ ೫
ಇವತ್ತು ಬಸ್ಸು ಬೆಂಗಳೂರಿಗೆ ಹೊರಡುತ್ತದೆ. ಹಸಿರು ಬಣ್ಣ ಮಿರಮಿರ ಅನ್ನುತ್ತಿದೆ. ಹಾರನ್ನಿನ ದನಿಯೂ ಹಳೆಯದೇ.
ಪರದೆ ನಿನ್ನೆ ಬಂತು. ಹೊರಗಡೆ ಒಂದು ಲಾಡಿಯನ್ನೂ ಇಟ್ಟಿಲ್ಲ ಅಂಜಿನಮ್ಮ. ಎಲ್ಲಾ ಒಳಗೆ.
"ಮೊದ್ಲಿದ್ದಂಗಿಲ್ವಲ್ಲಮ್ಮಾ," ಅಂದರು ಅಪ್ಪಯ್ಯಣ್ಣ.
"ಬ್ಯಾಡ ಸ್ವಾಮಿ, ಮೊದ್ಲಿದ್ದಂಗೆ."
ಅವಳು ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಸಲೀಸಾಗುತ್ತಿತ್ತು.
ಗಾಡಿ ತೆಗೆಯುವ ಮುಂಚೆ ಅವಳ ಮನೆಗೆ ಹೋಗುತ್ತೇನೆ. ಅಪ್ಪಯ್ಯಣ್ಣನಿಗೂ, ಬಸ್ಸು ಹತ್ತುವ ಜನಕ್ಕೂ ಆಮೇಲೆ ಹೇಳುತ್ತೇನೆ. ಮೊದಲು ಅವಳಿಗೆ. ಬಾಯಿ ತೊದಲಬಾರದು, ಇಲ್ಲೇ ಬರೆದುಕೊಳ್ಳುತ್ತೇನೆ —
ತಂಗೀ, ಅವನ ತಪ್ಪೇನೂ ಇಲ್ಲ. ಆ ಗಂಟು ಹಾಕಿದ್ದು —