ನಾಲ್ಕನೆಯ ಟಿಕೆಟ್

ನೀಲ್ ದ್ವೀಪ, ಅಂಡಮಾನ್
ಗುರುವಾರ ಬೆಳಿಗ್ಗೆ

ಅತ್ತೆಯವರಿಗೆ ಸಂಧ್ಯಾಳ ನಮಸ್ಕಾರ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾರ್ಡು. ನಿನ್ನೆ ಇಲ್ಲಿ ಇಳಿತದ ಹೊತ್ತಿಗೆ ಸಮುದ್ರ ಒಂದು ಫರ್ಲಾಂಗು ಹಿಂದೆ ಸರಿದು, ನೀರಿನ ತಳವೇ ನಡೆಯುವ ದಾರಿಯಾಯಿತು. ನಿಮ್ಮ ವಯಸ್ಸಿನ ಒಬ್ಬರು ಸೀರೆ ಎತ್ತಿ ಕಟ್ಟಿಕೊಂಡು, ಹವಳದ ಕಲ್ಲುಗಳ ನಡುವೆ ನೀಲಿ ನಕ್ಷತ್ರಮೀನು ನೋಡುತ್ತಾ ಹೋಗುತ್ತಿದ್ದರು. "ನಿಮ್ಮಜ್ಜಿಗೆ ಮಂಡಿ ನೋವು ಇಲ್ದಿದ್ರೆ ಅವ್ರೂ ಬರ್ತಿದ್ರು" ಎಂದೆ ಮಗಳಿಗೆ.

"ಅಜ್ಜಿಗೆಲ್ಲಿ ಮಂಡಿ ನೋವಮ್ಮ? ನೀನು ಆಫೀಸ್‌ಗೆ ಹೋದ್ಮೇಲೆ ನನ್ ಜೊತೆ ಕುಂಟೆಬಿಲ್ಲೆ ಆಡ್ತಾರೆ. ಟಿಕೆಟ್ ರೇಟ್ ಜಾಸ್ತಿ ಆಯ್ತಲ್ಲ, ಅದಕ್ಕೇ ಹಂಗಂದ್ರು" ಎಂದಳು ನಿಮ್ಮ ಮೊಮ್ಮಗಳು ಧನ್ವಿ.

ಗುಬ್ಬಿಯ ಮನೆಯಲ್ಲಿ ನಿಮ್ಮ ಮಗನೂ ನಾನೂ ಕೂತು ನಾಲ್ಕು ಜನರ ಖರ್ಚು ಹೊಂದಿಸಲಾಗದೆ ಒದ್ದಾಡುತ್ತಿದ್ದಾಗ, ನೀವು ಮಂಡಿ ನೋವು, ಬರುವುದಿಲ್ಲ ಎಂದಿರಿ. ಆಗ ನನಗೆ ಒಳಗೊಳಗೇ ನಿರಾಳವಾಗಿತ್ತು. ತಪ್ಪಾಯಿತು.

ಧನ್ವಿಗೆ ಹಡಗಿನಲ್ಲಿ ವಾಂತಿಯಾಗಿತ್ತು, ಈಗ ಚೆನ್ನಾಗಿದ್ದಾಳೆ. ಎಳನೀರಿಗೆ ಇಲ್ಲಿ ಎಂಬತ್ತು ರೂಪಾಯಿ. ತೆಂಗಿನ ತೋಟ ಇಟ್ಟುಕೊಂಡ ನಾವು ಮುಟ್ಟಲೇ ಇಲ್ಲ.

ಇಂದು ಸಮುದ್ರದೊಳಗೆ ಮುಳುಗಿಸಿ ತೋರಿಸುವ ಸ್ಕೂಬಾ ಬಿಟ್ಟು, ಆ ಹಣದಲ್ಲಿ ಮುಂದಿನ ತಿಂಗಳು ರಾಮೇಶ್ವರಕ್ಕೆ ನಾಲ್ಕು ರೈಲು ಟಿಕೆಟ್ ಮಾಡಿಸಿದ್ದೇವೆ. ಅದೂ ದ್ವೀಪವೇ. ಹಡಗಿಗೆ ಕರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ. ಬೇಡ ಅನ್ನಬೇಡಿ ಅತ್ತೆ. ಈಗ ರದ್ದು ಮಾಡಿದರೆ ರೈಲಿನವರು ದುಡ್ಡು ಮುರಿದುಕೊಳ್ಳುತ್ತಾರೆ.

ಸಂಧ್ಯಾ